ಬಾಯಿ ಮುಚ್ಚಿಸುವ ಮಷೀನು

ಕಟಿಂಗ್ ಶಾಪಿನಲ್ಲಿ ಕೆಲಸ ಮುಗಿದ ಮೇಲೆ ಕೈಗೊಂದು ಮಷೀನು ಕಟ್ಟಿಕೊಂಡು ನೆತ್ತಿ, ಹಣೆ, ಕೆನ್ನೆಯ ಮೇಲೆಲ್ಲ ಗುರ್ರ್ ಎನ್ನಿಸುತ್ತಾರಲ್ಲ, ಆಗ ಗಿರಾಕಿಗಳ ಮುಖ ನೋಡಬೇಕು. ಅದುವರೆಗೆ ರಾಜ್ಯ, ಕೇಂದ್ರ ಎರಡೂ ಸರ್ಕಾರ ಉರುಳಿಸುತ್ತಿದ್ದವರು ತೆಪ್ಪಗೆ ಕೂತಿರುತ್ತಾರೆ. ಸುಖಕ್ಕೆ ಹಾಗಾಗುತ್ತದೆ ಅಂತೀರಾ? ಇರಬಹುದು. ಆದರೆ ನರಗಳದ್ದೂ ಒಂದಿಷ್ಟು ಕಿತಾಪತಿ ಇದ್ದೀತು.

ಹಲ್ಲು ಕಚ್ಚಿ ಕೆನ್ನೆ ಮುಟ್ಟಿಕೊಳ್ಳಿ, ಗಟ್ಟಿಯಾಗಿ ಉಬ್ಬುತ್ತದಲ್ಲ, ಅದು ದವಡೆ ಮುಚ್ಚುವ ಸ್ನಾಯು. ಅದರೊಳಗೆ ಕದಿರಿನಾಕಾರದ ಪುಟ್ಟ ಕಾವಲುಗಾರರಿದ್ದಾರೆ. ಸ್ನಾಯು ಚೂರು ಹಿಗ್ಗಿದರೂ ಸಾಕು, ಮೆದುಳಿನ ಬುಡಕ್ಕೆ ಚಾಡಿ ಹೋಗುತ್ತದೆ. ಅಲ್ಲಿಂದ ‘ಬಿಗಿ ಹಿಡಿ’ ಎಂದು ಹುಕುಂ ಬರುತ್ತದೆ. ಸೆಕೆಂಡಿಗೆ 100 ಸಲ ನಡುಗುವ ಮಷೀನು ಹಿಡಿದರೆ ಪಾಪ, ಅವರು ಪ್ರತಿ ನಡುಕವನ್ನೂ ಹಿಗ್ಗಿದ್ದೆಂದೇ ನಂಬಿ ಬೊಬ್ಬೆ ಹಾಕುತ್ತಾರೆ. ಸ್ನಾಯು ಯಜಮಾನನನ್ನು ಕೇಳದೆಯೇ ಮೆಲ್ಲಗೆ ಸೆಟೆಯುತ್ತದೆ. ಕಂಪನಕ್ಕೆ ಸ್ನಾಯುಗಳು ಹೀಗೆ ಮೋಸಹೋಗುವುದನ್ನು 1966ರಲ್ಲೇ ಸ್ವೀಡನ್ನಿನ ಎಕ್ಲುಂಡ್ ಮತ್ತು ಹಾಗ್‌ಬಾರ್ತ್ ವರದಿ ಮಾಡಿದ್ದರು.

ದವಡೆಯ ಕಾವಲುಗಾರರ ದರ್ಬಾರೇ ಬೇರೆ. ಕೈಕಾಲಿನ ಸ್ನಾಯುಗಳಿಂದ ಸುದ್ದಿ ತರುವ ನರಕೋಶಗಳ ಠಾಣೆ ಬೆನ್ನುಹುರಿಯ ಹೊರಗೆ. ಇವರದ್ದು ಸೀದಾ ಮೆದುಳಿನ ಕಾಂಡದೊಳಗೇ! ಇಂಥ ವಿಶೇಷ ಸೌಲಭ್ಯ ದೇಹದಲ್ಲಿ ಬೇರೆಯವರಿಗೆ ಸಿಗುವುದು ಅಪರೂಪ. ಚಕ್ಕುಲಿ ಪಟಕ್ಕನೆ ಮುರಿದಾಗ ಹಲ್ಲಿಗೆ ಹಲ್ಲು ಬಡಿಯದಂತೆ ಕಣ್ಣು ಮಿಟುಕಿಸುವುದರೊಳಗೆ ಕಚ್ಚುವ ಬಿಗಿ ಸಡಿಲವಾಗುವುದರಲ್ಲಿ ಇವರ ಕೈವಾಡವೂ ಉಂಟು.

ಇನ್ನು ತಮಾಷೆ ಕೇಳಿ. ಈ ಕಾವಲೆಲ್ಲ ಬಾಯಿ ಮುಚ್ಚುವ ಸ್ನಾಯುಗಳಿಗೆ ಮಾತ್ರ. ತೆರೆಯುವ ಸ್ನಾಯುಗಳಲ್ಲಿ ಇವರು ಇಲ್ಲವೆನ್ನುವಷ್ಟು ಕಡಿಮೆ. ದವಡೆ ಜೋತುಬೀಳದಂತೆ ಹಿಡಿಯಬೇಕು, ನಿಪ್ಪಟ್ಟಿನ ಗಟ್ಟಿತನ ಅಳೆದು ಕಚ್ಚಬೇಕು. ಅದಕ್ಕೇ ಮುಚ್ಚುವ ಕಡೆ ಇಷ್ಟು ಬಂದೋಬಸ್ತು ಎನ್ನುತ್ತಾರೆ ಬಲ್ಲವರು. ಇಷ್ಟೆಲ್ಲ ಖರ್ಚು ಮಾಡಿ ಬಾಯಿ ಮುಚ್ಚುವ ವ್ಯವಸ್ಥೆ ಮಾಡಿಕೊಟ್ಟರೂ ನಾವು ಅದನ್ನು ಬಳಸುವುದು ಊಟದ ಹೊತ್ತಿಗಷ್ಟೇ. ಕೆಲವರು ಆಗಲೂ ಇಲ್ಲ.

ಹಾಗಾದರೆ ಸಭೆಗೊಂದು ಮಷೀನು ತಂದು, ‘ಎರಡೇ ಮಾತು’ ಎಂದು ಎದ್ದು ನಿಂತವರ ಕೆನ್ನೆಗೆ ಹಿಡಿದರೆ? ಪ್ರಯೋಜನವಿಲ್ಲ. ಈ ಸೆಟೆತವನ್ನು ಮನಸ್ಸು ಮಾಡಿದರೆ ತಡೆಯಬಹುದು. ಮೇಲಿನ ಮೆದುಳು ಹಟ ಹಿಡಿದರೆ ಕೆಳಗಿನವರ ಹುಕುಂ ನಡೆಯುವುದಿಲ್ಲ. ಮಾತಾಡಿಯೇ ತೀರುತ್ತೇನೆಂಬ ಹಟಕ್ಕಿಂತ ದೊಡ್ಡ ಹಟ ಯಾವುದಿದೆ? ಕರೆಂಟು ದಂಡ ಮಾಡಬೇಡಿ, ಮೈಕಿನ ವೈರು ಕಿತ್ತುಬಿಡಿ.