ಒತ್ತುಮೀಮಾಂಸೆ ಅಥವಾ ಮಹಾಲಿಂಗಪುರದಲ್ಲಿ ರಾಕೆಟ್ ಪ್ರೆಸ್ಸು

ಬಾಣಬಿರುಸಿನ ಕೊಳವೆಯಲ್ಲಿ ಮದ್ದು ಒತ್ತಲು ಯಾವ ಹೈಡ್ರಾಲಿಕ್ ಪ್ರೆಸ್ಸು ತಕ್ಕದ್ದು ಎಂಬ ಪ್ರಶ್ನೆ ಮಹಾಲಿಂಗಪುರದ ವಿದ್ವಾಂಸರನ್ನು ಇದುವರೆಗೆ ಕಾಡಿಲ್ಲ. ಕಾಡದೆ ಇರುವುದೇ ಈ ಪ್ರಬಂಧದ ತುರ್ತನ್ನು ಸಾಬೀತುಪಡಿಸುತ್ತದೆ. ಬೆಲ್ಲದ ಧಾರಣೆ, ಕಬ್ಬಿನ ದರ, ಮಗ್ಗಕ್ಕೆ ಕರೆಂಟು ಮುಂತಾದ ಕ್ಷುಲ್ಲಕ ಚಿಂತೆಗಳಲ್ಲಿ ಮುಳುಗಿದ ಊರಿಗೆ ಶುದ್ಧ ಜ್ಞಾನದ ಹಸಿವು ಹುಟ್ಟಿಸುವುದು ನನ್ನ ಉದ್ದೇಶ. ಹಸಿವು ಹುಟ್ಟದಿದ್ದರೆ ಅದು ಊರಿನ ದೋಷ.

ಮೊದಲು ಪದವಿಚಾರ. ‘ಮದ್ದು’ ಎಂದರೆ ಔಷಧ, ಮದ್ದು ಎಂದರೆ ತೋಪಿಗೆ ತುಂಬುವ ಪುಡಿ. ಒಂದು ಉಳಿಸುತ್ತದೆ, ಇನ್ನೊಂದು ಹಾರಿಸುತ್ತದೆ. ಯಾವುದು ಯಾವುದೆಂದು ಸಂದರ್ಭ ನೋಡಿ ತಿಳಿಯಬೇಕು. ‘ಪ್ರೆಸ್ಸು’ ನಮ್ಮೂರಲ್ಲಿ ಮೂರು ಬಗೆ: ಲಗ್ನಪತ್ರಿಕೆ ಅಚ್ಚು ಹಾಕುವುದು, ಅಂಗಿಗೆ ಇಸ್ತ್ರಿ ಹಾಕುವುದು, ಮೋಟಾರ್ ಸೈಕಲ್ಲಿನ ಮುಂದೆ ಬರೆಸಿಕೊಳ್ಳುವುದು. ಮೂರನೆಯದರ ಒತ್ತಡವೇ ಹೆಚ್ಚೆಂದು ಪೊಲೀಸರು ಬಲ್ಲರು. ಇನ್ನು ‘ಒತ್ತು’. ಒಂದು ಅಕ್ಷರವನ್ನು ಇನ್ನೊಂದರ ಕೆಳಗೆ ಅದುಮಿ ಕೂರಿಸುವ ಕಲೆಯನ್ನು ಕನ್ನಡಿಗರು ಶಾಸನಗಳ ಕಾಲದಿಂದಲೂ ಬಲ್ಲರು. ‘ರಾಕೆಟ್ಟು’ ಎಂದು ಬರೆದಾಗಲೇ ಕೊನೆಯ ಅಕ್ಷರ ಒತ್ತಿಗೆ ಸಿಕ್ಕಿರುತ್ತದೆ. ಇಂಗ್ಲಿಷರ ಬರವಣಿಗೆಯಲ್ಲಿ ಈ ಸೌಕರ್ಯವಿಲ್ಲ. ಅದಕ್ಕೇ ಅವರು ಕಬ್ಬಿಣದ ಯಂತ್ರ ಮಾಡಿಕೊಳ್ಳಬೇಕಾಯಿತು.

ಆ ಯಂತ್ರದ ಮೂಲತತ್ತ್ವ ಪ್ಯಾಸ್ಕಲ್‌ನದು ಎನ್ನುತ್ತಾರೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಕುಗ್ಗದೆ ಎಲ್ಲ ಕಡೆಗೂ ಹರಿಯುತ್ತದೆ. ಸಣ್ಣ ಕೊಂತಕ್ಕಿಂತ ದೊಡ್ಡ ಕೊಂತದ ಹರವು ನೂರು ಪಟ್ಟು ಇದ್ದರೆ, ಇಲ್ಲಿ ಒಂದು ಕಿಲೋ ಭಾರ ಇಟ್ಟಾಗ ಅಲ್ಲಿ ನೂರು ಕಿಲೋ ಏಳುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚರಿಗೆ ಇದು ಹೊಸದಾಗಿರಬಹುದು. ಹತ್ತನೆಯ ಶತಮಾನದಲ್ಲೇ ಮುಧೋಳದ ಬಳೆಗಾರರ ಮನೆಯ ಹುಡುಗನೊಬ್ಬ ಇದನ್ನು ಕಂಡಿದ್ದ. ಆ ಹುಡುಗನೇ ಮುಂದೆ ಕವಿಯಾದ ರನ್ನ. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದಾನೆ. ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ. ತಳದಲ್ಲಿದ್ದವನು ನೀರಿನೊಳಗೇ ಬೆವರುತ್ತಾನೆ! ದಡದ ಒತ್ತಡ ಕುಗ್ಗದೆ ತಳ ಮುಟ್ಟಿತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಸಾಹಿತ್ಯದ ಮೇಷ್ಟ್ರುಗಳು ಸಾವಿರ ವರ್ಷ ಇದನ್ನು ರೌದ್ರರಸವೆಂದು ಪಾಠ ಮಾಡಿದರು. ಸರೋವರಕ್ಕೆ ಮುಚ್ಚಳವಿರಲಿಲ್ಲವಲ್ಲ ಎಂದು ಆಕ್ಷೇಪಿಸುವ ಎಂಜಿನಿಯರುಗಳಿಗೆ ಕಾವ್ಯಪ್ರಜ್ಞೆ ಇಲ್ಲ. ಮಹಾಲಿಂಗಪುರ ಮೊನ್ನೆ ಮೊನ್ನೆಯವರೆಗೆ ಮುಧೋಳ ತಾಲ್ಲೂಕಿನದೇ ಆದ್ದರಿಂದ ಈ ಸಂಶೋಧನೆಯಲ್ಲಿ ನಮಗೂ ಪಾಲಿದೆ. ತಾಲ್ಲೂಕು ಬದಲಾದ ಮಾತ್ರಕ್ಕೆ ಪಾಲು ಬಿಡಲಾಗದು.

ಈಗ ಇತಿಹಾಸದ ದುರಂತಕ್ಕೆ ಬರೋಣ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರಾಲಿಯ ಮತ್ತು ಟಿಪ್ಪುವಿನ ಸೈನ್ಯ ಬ್ರಿಟಿಷ್ ಸೇನಾನಿ ಬೇಯ್ಲಿಯ ದಳವನ್ನು ಮುರಿಯಿತು. ಬ್ರಿಟಿಷರ ಮದ್ದಿನ ಬಂಡಿಗಳು ಹೊತ್ತಿ ಉರಿದವು. ಯುರೋಪಿನವರ ಬಾಣಗಳಿಗೆ, ಅಂದರೆ ರಾಕೆಟ್ಟುಗಳಿಗೆ, ಕಾಗದದ ಕೊಳವೆ, ಮೈಸೂರಿನವರ ಬಾಣಗಳಿಗೆ ಕಬ್ಬಿಣದ್ದು. ಕಾಗದ ಒಡೆಯುವಷ್ಟು ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು, ಬಾಣ ದೂರ ಹೋಗುತ್ತಿತ್ತು. ಆದರೆ ಆ ಬಾಣಗಾರರು ಹೈಡ್ರಾಲಿಕ್ ಪ್ರೆಸ್ಸು ಕಂಡವರಲ್ಲ. ಅದಕ್ಕೆ ಜೋಸೆಫ್ ಬ್ರಾಮಾ ಎಂಬಾತ ಪೇಟೆಂಟು ಪಡೆದದ್ದು 1795ರಲ್ಲಿ, ಲಂಡನ್ನಿನಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ನಾಲ್ಕೇ ವರ್ಷ! ನಮ್ಮಲ್ಲಿ ಬಾಣವಿತ್ತು, ಅವರಲ್ಲಿ ಪ್ರೆಸ್ಸಿತ್ತು. ಜಾತಕ ಕೂಡಿತ್ತು, ಹೇಳಿ ಕಳಿಸುವವರಿರಲಿಲ್ಲ. ಕೊನೆಗೆ ಹೆಣ್ಣಿನ ಕಡೆಯವರೇ ಬಂದು ಗಂಡನ್ನು ಹೊತ್ತುಕೊಂಡು ಹೋದರು. ಇಂಗ್ಲೆಂಡಿನ ವುಲ್ವಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಮೈಸೂರಿನ ಬಾಣ ತಿದ್ದಿ ತನ್ನ ಹೆಸರಿಟ್ಟುಕೊಂಡ. ಅವು 1807ರಲ್ಲಿ ಕೋಪನ್‌ಹೇಗನ್ ಸುಟ್ಟವು, 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿ ಅಮೆರಿಕದ ರಾಷ್ಟ್ರಗೀತೆಯನ್ನೇ ಹೊಕ್ಕವು.

ಬ್ರಾಮಾನ ಬಗ್ಗೆ ಒಂದು ಮಾತು. ಆತ ಪ್ರೆಸ್ಸಿಗೆ ಮೊದಲು ಬೀಗಕ್ಕೂ, ಅದಕ್ಕೂ ಮೊದಲು ಪಾಯಖಾನೆಗೂ ಪೇಟೆಂಟು ಪಡೆದವನು. ಮೂರರಲ್ಲೂ ಸಮಸ್ಯೆ ಒಂದೇ, ಸೋರಬಾರದು. ಪ್ರೆಸ್ಸಿನ ಸೋರಿಕೆ ನಿಂತದ್ದು ಬಟ್ಟಲಿನಂಥ ಚರ್ಮದ ವಾಸರಿನಿಂದ. ಕಪಿಲೆ ಹೊಡೆದು ಬಾವಿಯ ನೀರೆತ್ತುತ್ತಿದ್ದ ನಮ್ಮ ರೈತರಿಗೆ ನೀರು, ಚರ್ಮ ಎರಡರ ಸಹವಾಸವೂ ಇತ್ತು. ಕೇಳುವವರಿರಲಿಲ್ಲ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು, ಒಂದೊಂದೂ ಸುಮಾರು ಗೇಣುದ್ದ. ಬಾಣ ಮತ್ತು ನೀರು ಕೊನೆಗೂ ಭೇಟಿಯಾಗಬಹುದಾಗಿದ್ದ ಸ್ಥಳವದು. ಬಾವಿ ಬತ್ತಿತ್ತು.

ಕ್ಷೇತ್ರಕಾರ್ಯಕ್ಕೆಂದು ನಾನು ಸ್ಥಳೀಯ ಒತ್ತುಗಳನ್ನು ಪರೀಕ್ಷಿಸಿದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಮೇಲಿನ ರೋಲರನ್ನು ಹೈಡ್ರಾಲಿಕ್ ಒತ್ತಡವೇ ಅದುಮಿ ಹಿಡಿದಿರುತ್ತದೆ. ಕಬ್ಬು ದಪ್ಪನಾಗಿ ಬಂದರೆ ರೋಲರು ತುಸು ಎದ್ದು, ಹಿಡಿತ ಬಿಡದೆ ಒತ್ತುತ್ತದೆ. ಅತ್ಯುತ್ತಮ ಯಂತ್ರ. ಮನೆಗೆ ಒಯ್ಯಲಾಗದು. ಬೆಲ್ಲದ ಗಾಣದಲ್ಲಿ ನಿರಾಶೆಯೇ ಕಾದಿತ್ತು: ಕೊಪ್ಪರಿಗೆಯ ಪಾಕವನ್ನು ಅಚ್ಚಿಗೆ ಸುರಿದರೆ ಪೆಂಟೆ ತಾನಾಗಿಯೇ ಗಟ್ಟಿಯಾಗುತ್ತದೆ. ಯಾರೂ ಒತ್ತದೆ ಗಟ್ಟಿಯಾಗುವ ವಸ್ತು ನಮ್ಮ ಶಾಸ್ತ್ರಕ್ಕೇ ಅವಮಾನ. ಮನೆಯ ಚಕ್ಕಲಿ ಒತ್ತು ಮಾತ್ರ ಎಲ್ಲ ಲಕ್ಷಣಗಳನ್ನೂ ಹೊಂದಿತ್ತು: ಕೊಳವೆ, ಕೊಂತ, ತುದಿಯಲ್ಲಿ ತೂತು. ಅದನ್ನು ಸಂಶೋಧನೆಗೆ ಕೇಳಿದಾಗ ಮನೆಯವರು ನನ್ನತ್ತ ನೋಡಿದ ನೋಟದಲ್ಲಿದ್ದ ಒತ್ತಡವನ್ನು ಅಳೆಯುವ ಮೀಟರು ನನ್ನಲ್ಲಿರಲಿಲ್ಲ.

ಪೂರ್ವಪಕ್ಷಗಳಲ್ಲೆಲ್ಲ ಬಲವಾದದ್ದು 1884ರ ಸ್ಫೋಟಕ ಕಾಯಿದೆ. ಲೈಸೆನ್ಸಿಲ್ಲದೆ ಮದ್ದು ಮುಟ್ಟಬೇಡ ಎಂಬುದು ಅದರ ಸಾರ. ಅದನ್ನು ಖಂಡಿಸಲು ನಾನು ಮೂರು ರಾತ್ರಿ ಕೂತೆ. ಬಿಗಿಯಾಗಿ ಒತ್ತಿದ ಮದ್ದಿಗೆ ಕಿಡಿ ತಗುಲಿದರೆ ವಾದಿ, ಪ್ರತಿವಾದಿ ಇಬ್ಬರೂ ಉಳಿಯುವುದಿಲ್ಲವೆಂದು ಹೊಳೆದ ಮೇಲೆ ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಒಪ್ಪಿಕೊಂಡೆ. ಪ್ರೆಸ್ಸು ಮಾತ್ರ ಬೇಕು, ಮದ್ದು ಬೇಡ.

ಹೀಗೆ ಪರಿಷ್ಕೃತನಾಗಿ ಗ್ಯಾರೇಜಿಗೆ ಹೋಗಿ ಹೈಡ್ರಾಲಿಕ್ ಜಾಕು ಕೇಳಿದೆ.

“ಏನ್ ಒತ್ತಾವ್ರದೀರಿ ಮಾಸ್ತರ?” ಎಂದ ಮೇಸ್ತ್ರಿ.

“ಬಾಣ.”

“ಬಾಣ ಒತ್ತೂದಲ್ರೀ, ಬಿಡೂದು.”

ಇನ್ನೂರು ವರ್ಷಗಳ ರಾಕೆಟ್ ಸಾಹಿತ್ಯದಲ್ಲಿ ಇಷ್ಟು ಅಡಕವಾದ ಖಂಡನೆಯನ್ನು ನಾನು ಕಂಡಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಒಬ್ಬ ಹುಡುಗ ಓಡಿ ಬಂದ. “ಅಣ್ಣಾ, ರೋಡಿನ್ಯಾಗ ಕಬ್ಬಿನ ಡಬ್ಬಿ ಪಂಚರಾಗೇತಿ, ಜಾಕ್ ಕೊಡು.” ಮೇಸ್ತ್ರಿ ನನ್ನ ಕೈಯಿಂದ ಜಾಕು ಇಸಿದುಕೊಂಡು ನಡೆದ. ನಾನೂ ಹಿಂದೆ ಹೋದೆ. ಹುಡುಗ ಒಂದೇ ಕೈಯಲ್ಲಿ ಹಿಡಿಕೆ ಆಡಿಸಿದ. ಟನ್ನುಗಟ್ಟಲೆ ಕಬ್ಬು ಹೊತ್ತ ಟ್ರ್ಯಾಕ್ಟರ್ ಡಬ್ಬಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆದ್ದಿತು. ಡ್ರೈವರ್ ಒಂದು ಕಬ್ಬು ಎಳೆದು ನನಗೂ ಕೊಟ್ಟ. ಹಲ್ಲಿನ ನಡುವೆ ಇಟ್ಟು ಒತ್ತಿದೆ. ಮುಂದಿನ ಎರಡು ಹಲ್ಲು ಹೋಗಿ ವರ್ಷವಾಗಿತ್ತು. ರಸ ಅಂಗಿಯ ಮೇಲೆಲ್ಲ ಸೋರಿತು.