ಸಾಕ್ಷಿಯಿಲ್ಲದ ಕುಂಟು

ಹಲ್ಲುನೋವಿಗೆ ಕೆನ್ನೆ ಊದುತ್ತದೆ, ನೆಗಡಿಗೆ ಮೂಗು ಕೆಂಪಾಗುತ್ತದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಹಿಮ್ಮಡಿ ನೋವಿಗೆ ಮಾತ್ರ ಯಾವ ಪುರಾವೆಯೂ ಇಲ್ಲ. ಊತವಿಲ್ಲ, ಗಾಯವಿಲ್ಲ, ಬ್ಯಾಂಡೇಜು ಸುತ್ತಿಕೊಂಡು ನಾಲ್ಕು ಜನರ ಮುಂದೆ ಓಡಾಡುವ ಭಾಗ್ಯವೂ ಇಲ್ಲ. ಅದು ಬರುವ ಹೊತ್ತಾದರೂ ಎಂಥದ್ದು! ಮನೆಮಂದಿಯೆಲ್ಲ ಮುಸುಕು ಹೊದ್ದು ಮಲಗಿರುವ ಬೆಳಗಿನ ಜಾವ, ಮಂಚದಿಂದ ಇಳಿದು ನೆಲಕ್ಕೆ ಊರುವ ಮೊದಲ ಹೆಜ್ಜೆಗೇ ಹಾಜರು. ಮೊದಲ ಸಲ ಬಂದಾಗ ಗುಂಡುಪಿನ್ನು ಬಿದ್ದಿರಬೇಕೆಂದು ದೀಪ ಹಾಕಿ ನೆಲವೆಲ್ಲ ತಡಕಿದ್ದೆ. ಬಚ್ಚಲಿಗೆ ಹೋಗುವಾಗ ಗೋಡೆಯ ಆಸರೆ ಬೇಕು. ಹಲ್ಲುಜ್ಜಿ ಬರುವಾಗ ನೋವು ಅರ್ಧ ಇಳಿದಿರುತ್ತದೆ. ಹೆಂಡತಿ ಎದ್ದು ಫಿಲ್ಟರಿಗೆ ಕಾಫಿಪುಡಿ ಹಾಕುವಷ್ಟರಲ್ಲಿ ನಾನು ನೆಟ್ಟಗೆ ನಡೆಯುತ್ತಿರುತ್ತೇನೆ.

"ಬೆಳಿಗ್ಗೆ ಕಾಲು ಊರೋಕೇ ಆಗ್ಲಿಲ್ಲ ಕಣೇ."

ಅವಳು ನನ್ನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಸಿಲಿಂಡರ್ ಖಾಲಿಯಾಗಿದೆ, ಬದಲಾಯಿಸ್ಬೇಕಿತ್ತು. ಈಗ ಆಗುತ್ತಾ, ಇಲ್ಲ ಮತ್ತೆ ನೋವು ಬರುತ್ತಾ?" ಎಂದಳು.

ಸಿಲಿಂಡರ್ ಬದಲಾಯಿಸಿದೆ. ಬೇರೆ ದಾರಿಯಿರಲಿಲ್ಲ.

ಅವಳನ್ನು ದೂರಿ ಫಲವಿಲ್ಲ, ಪಾದದ ಕಟ್ಟೋಣವೇ ಹಾಗಿದೆ. ಒಂದೊಂದು ಪಾದದಲ್ಲಿ 26 ಮೂಳೆಗಳು. ಅವು ಕಮಾನಾಗಿ ನಿಂತಿರುವುದು ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಬಿಗಿದ ಒಂದು ದಪ್ಪ ಪಟ್ಟಿಯ ಬಲದಿಂದ. ಪ್ಲಾಂಟಾರ್ ಫೇಶಿಯಾ ಎಂದು ಡಾಕ್ಟರುಗಳು ಕರೆಯುವ ಈ ಪಟ್ಟಿಯನ್ನು ಬಿಲ್ಲಿನ ಹೆದೆ ಎಂದುಕೊಳ್ಳಿ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗುತ್ತವೆ, ಹೆದೆ ಬಿಗಿಯುತ್ತದೆ, ಕಮಾನು ಏರಿ ಪಾದ ಗಟ್ಟಿಯಾಗಿ ಮೈಭಾರವನ್ನು ಮುಂದಕ್ಕೆ ನೂಕುತ್ತದೆ. ಹಿಕ್ಸ್ ಎಂಬಾತ 1954ರಲ್ಲೇ ಇದನ್ನು ವಿವರಿಸಿಟ್ಟಿದ್ದಾನೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಳ್ಳುವುದರಿಂದ ಪಟ್ಟಿ ಕುಗ್ಗಿ ಕೂತಿರುತ್ತದೆ. ಬೆಳಿಗ್ಗೆ ನಾವು ಇಡೀ ಸಂಸಾರದ ಭಾರವನ್ನು ಒಮ್ಮೆಲೇ ಅದರ ಮೇಲೆ ಹೇರಿದರೆ ಅದು ಚೀರದೆ ಇರುತ್ತದೆಯೇ? ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುತ್ತದೆ. ಅರ್ಧ ಗಂಟೆ ಕೂತರೆ ಮತ್ತೆ ಬಿಗಿ. ಮಿತಿಮೀರಿ ನಡೆದರೆ ಸಂಜೆ ಅದರ ಬಡ್ಡಿ ಬೇರೆ. ವಿಶ್ರಾಂತಿ ತೆಗೆದುಕೊಂಡದ್ದಕ್ಕೇ ದಂಡ ಹಾಕುವ ಕಾಯಿಲೆ ನನಗೆ ಗೊತ್ತಿರುವಂತೆ ಇದೊಂದೇ.

ಕೊನೆಗೆ ಇದಕ್ಕೆ ಸಾಕ್ಷಿಗಳು ಸಿಕ್ಕಿದ್ದು ಒಂದು ಮದುವೆಯಲ್ಲಿ. ಮುಹೂರ್ತ ಮುಗಿಯುವವರೆಗೂ ಛತ್ರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. "ಎಲೆ ಹಾಕಿದ್ದಾರೆ, ಏಳಿ" ಎಂದರು. ಎದ್ದೆ. ಹಿಮ್ಮಡಿ ತನ್ನ ಕೆಲಸ ಮಾಡಿತು. ಕುಂಟುತ್ತಾ, ಕುರ್ಚಿಗಳನ್ನು ಹಿಡಿದುಕೊಳ್ಳುತ್ತಾ, ಇಡೀ ಬಳಗದ ಕಣ್ಣೆದುರು ಊಟದ ಮನೆಯತ್ತ ನಡೆದೆ. ಚಿಕ್ಕಮ್ಮನೊಬ್ಬರು ಬಾಯಿ ಮೇಲೆ ಕೈಯಿಟ್ಟುಕೊಂಡು ಅಯ್ಯೋ ಎಂದರು. ನನ್ನ ಮನಸ್ಸಿಗೆ ಎಂಥ ಸಮಾಧಾನ! ಆದರೆ ಮೆಟ್ಟಿಲಿಳಿದು, ಕೈ ತೊಳೆದು, ಎಲೆಯ ಮುಂದೆ ಬರುವಷ್ಟರಲ್ಲಿ ಕಾಲು ಸರಿಹೋಗಿತ್ತು. ಚಿರೋಟಿ ಬಡಿಸುತ್ತಿದ್ದ ಕಡೆ ನೆಟ್ಟಗೆ ಹೆಜ್ಜೆ ಹಾಕಿದ್ದನ್ನೂ ಅದೇ ಚಿಕ್ಕಮ್ಮ ನೋಡಿದರು. ಅವರು ಏನೂ ಹೇಳಲಿಲ್ಲ. ಪಕ್ಕದವರಿಗೆ ಹೇಳಿದರು.

ನೋವನ್ನು ನಂಬದ ಜನ ಮದ್ದು ಹೇಳಲು ಮಾತ್ರ ಹಿಂದೆಗೆಯುವುದಿಲ್ಲ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಒಂದು ಸುತ್ತು ಬಂದರೆ ಸಾಕು, ಹೆಜ್ಜಾರ್ಲೆಗಳಿಗಿಂತ ಹೆಚ್ಚು ವೈದ್ಯರು ಕಣ್ಣಿಗೆ ಬೀಳುತ್ತಾರೆ. ಸ್ವಲ್ಪ ಕಾಲೆಳೆದರೆ ಮುಗಿಯಿತು. "ಯೂರಿಕ್ ಆಸಿಡ್ ಮಾಡ್ಸಿದ್ರಾ?" ಎಂಬುದು ಮೊದಲ ಪ್ರಶ್ನೆ. ಮಾಡಿಸಿದೆ, ಸರಿಯಾಗಿತ್ತು. ಸರಿಯಾಗಿದೆ ಎಂದಾಗ ಕೇಳಿದವರ ಮುಖ ಇಳಿದುಹೋದದ್ದನ್ನು ನೋಡಿ ಪಾಪ ಎನಿಸಿತು. ನಿವೃತ್ತ ಎಂಜಿನಿಯರರೊಬ್ಬರು ವಾಕಿಂಗ್ ಪೂರ್ತಿ ನಿಲ್ಲಿಸಿ ಎಂದರೆ, ಅವರ ಪಕ್ಕದಲ್ಲೇ ನಡೆಯುತ್ತಿದ್ದ ನಿವೃತ್ತ ಮೇಷ್ಟ್ರು ಯಾವ ಕಾರಣಕ್ಕೂ ನಿಲ್ಲಿಸಬೇಡಿ ಎಂದರು. ಆಮೇಲೆ ಅವರಿಬ್ಬರೂ ನನ್ನನ್ನು ಬಿಟ್ಟು ತಮ್ಮೊಳಗೇ ವಾದಿಸುತ್ತಾ ಮುಂದೆ ಹೋದರು. ಇನ್ನೊಬ್ಬರದು ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕೆಂಬ ಸಲಹೆ. ಹತ್ತುವುದಕ್ಕೆ ತಾಯಿಯ ದಯೆ ಇರಬಹುದು ಸ್ವಾಮಿ, ಇಳಿಯುವಾಗ ಒಂದೊಂದು ಕಲ್ಲೂ ಹಿಮ್ಮಡಿಯ ಜೊತೆ ಪ್ರತ್ಯೇಕವಾಗಿ ಮಾತಾಡುತ್ತದಲ್ಲ.

ಬರಿಗಾಲಿನ ಪಕ್ಷದವರಲ್ಲಿ ಓಡುವ ಹುಡುಗನೊಬ್ಬನಿದ್ದಾನೆ. ಎದುರು ಸಿಕ್ಕಾಗಲೆಲ್ಲ, ನಿಂತಲ್ಲೇ ಕುಣಿಯುತ್ತಾ, ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಕಥೆ ಹೇಳುತ್ತಾನೆ. ನಿಜವೇ. ಆದರೆ ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಚಿನ್ನ ಗೆದ್ದದ್ದನ್ನು ಈ ಪಕ್ಷದವರು ಯಾರೂ ಎತ್ತುವುದಿಲ್ಲ. ಗೆಲ್ಲುವವನು ಹೇಗೆ ಓಡಿದರೂ ಗೆಲ್ಲುತ್ತಾನೆ, ನೋಯುವ ಕಾಲು ಯಾವುದರೊಳಗಿದ್ದರೂ ನೋಯುತ್ತದೆ ಎಂದೆ. ಅವನು ಕೈಗಡಿಯಾರ ಒತ್ತಿಕೊಂಡು ಓಡಿಹೋದ.

ಟೋಕಿಯೋ ಎಂದಾಗ ಇನ್ನೊಂದು ನೆನಪಾಯಿತು. ಆ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂದು, ಅದಕ್ಕೆ 'ಹತ್ತು ಸಾವಿರ ಹೆಜ್ಜೆ ಮೀಟರು' ಎಂದೇ ಹೆಸರಿಟ್ಟಿತು. ಮಗಳು ನನ್ನ ಮಣಿಕಟ್ಟಿಗೆ ಕಟ್ಟಿರುವ ವಾಚು ದಿನಾ ಸಂಜೆ ಗುರ್ ಎಂದು ನಡುಗಿ, ಇನ್ನೂ 3,000 ಹೆಜ್ಜೆ ಬಾಕಿ ಎನ್ನುವುದು ಆ ಅಂಗಡಿ ಲೆಕ್ಕದ ಮುಂದುವರಿಕೆ. ನನ್ನ ಹಿಮ್ಮಡಿಯ ಅಭಿಪ್ರಾಯ ಕೇಳಲು ಅದರಲ್ಲಿ ಯಾವ ಗುಂಡಿಯೂ ಇಲ್ಲ.

ಅಮ್ಮನ ಮದ್ದು ಬೇರೆ. ಎಕ್ಕದ ಎಲೆ, ಕಾದ ಇಟ್ಟಿಗೆ. ಎಲೆಗೇನೂ ಬರವಿಲ್ಲ, ನಮ್ಮ ಬಡಾವಣೆಯ ಖಾಲಿ ಸೈಟುಗಳಲ್ಲಿ ಎಕ್ಕ ಬಿಟ್ಟರೆ ಇನ್ನೇನೂ ಬೆಳೆಯುವುದಿಲ್ಲ. ಹಾಲು ಕಣ್ಣಿಗೆ ಸಿಡಿಯಬಾರದೆಂದು ಮುಖ ತಿರುಗಿಸಿಕೊಂಡು ಕಿತ್ತು ತಂದೆ. ಸಿಗದಿದ್ದದ್ದು ಇಟ್ಟಿಗೆ. ಊರೆಲ್ಲ ಸಿಮೆಂಟ್ ಬ್ಲಾಕಿನಲ್ಲಿ ಮನೆ ಕಟ್ಟುತ್ತಿರುವ ಕಾಲ. ಮೂರು ಬೀದಿಯಾಚೆ ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ಒಂದು ಇಟ್ಟಿಗೆ ಕೊಡಪ್ಪ ಎಂದರೆ ಅಲ್ಲಿನ ವಾಚ್‌ಮನ್, "ಲೋಡ್ ಲೆಕ್ಕದಲ್ಲಿ ಕೊಡೋದು ಸಾರ್, ಒಂದೊಂದೆಲ್ಲ ಕೊಡಲ್ಲ" ಎಂದ. ಕಾರಣ ಹೇಳಿದೆ. ಹಿಮ್ಮಡಿ ಎಂದದ್ದೇ ತಡ, ಒಳ್ಳೆಯದೊಂದನ್ನು ಆರಿಸಿ, ಗಾರೆ ಕೆರೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ರಾತ್ರಿಯೆಲ್ಲ ನಿಂತೇ ಇರ್ತೀವಲ್ಲ ಸಾರ್, ನಮಗೂ ಐತೆ" ಎಂದ. ಬ್ರಿಟನ್ನಿನಲ್ಲಿ ಹಿಂದೆ ಇದಕ್ಕೆ ಪೊಲೀಸರ ಹಿಮ್ಮಡಿ ಎಂದೇ ಹೆಸರಿತ್ತು. ದಿನವಿಡೀ ಗಸ್ತು ತಿರುಗುವವರ ನೋವು ಅದು. ನನ್ನ ನೋವನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡ ಮೊದಲ ಮನುಷ್ಯ ಈತ.

ಸ್ಟವ್ ಮೇಲೆ ಇಟ್ಟಿಗೆ ಕಾಯಿತು. ಅದರ ಮೇಲೆ ಅಮ್ಮ ನಾಲ್ಕು ಎಲೆ ಹರವಿದರು. ಚುಯ್ ಎಂದು ಸದ್ದು ಬಂತು, ಹಸಿರು ಕಂದಿ ಅಂಚು ಮುದುರಿತು, ಕಹಿ ಹೊಗೆ ಅಡುಗೆಮನೆ ತುಂಬಿತು, ಹೆಂಡತಿ ಕೆಮ್ಮುತ್ತಾ ಹಿತ್ತಲಿಗೆ ಹೋದಳು. ಬಟ್ಟೆ ಮುಚ್ಚಿ ಹಿಮ್ಮಡಿ ಒತ್ತಿದೆ. ಸುಳ್ಳೇಕೆ ಹೇಳಲಿ, ಹಾಯ್ ಎನಿಸಿತು. ಆದರೆ ಆಗ ಸಂಜೆ, ನೋವು ಹೇಗೂ ತಣ್ಣಗಿರುವ ಹೊತ್ತು. ಬೆಳಿಗ್ಗೆ ಮತ್ತೆ ಅದೇ ಗೋಡೆ.

ಕೊನೆಗೆ ಡಾಕ್ಟರ ಹತ್ತಿರವೇ ಹೋದೆ. ತುಂಬಾ ಹೊತ್ತು ಕಾಯಿಸಿದ್ದು ಒಳ್ಳೆಯದೇ ಆಯಿತು, ಹೆಸರು ಕರೆದಾಗ ಕುಂಟು ಪೂರ್ಣ ವೈಭವದಲ್ಲಿತ್ತು. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆಗೆ ಸಣ್ಣದೊಂದು ಕೊಕ್ಕೆ ಬೆಳೆದಿರುವುದು ಕಂಡಿತು. ನನಗೆ ಒಳಗೊಳಗೇ ಖುಷಿ, ಹೆಂಡತಿಗೆ ತೋರಿಸಲು ದಾಖಲೆ ಸಿಕ್ಕಿತಲ್ಲ! ಆದರೆ ಡಾಕ್ಟರು, "ಇದು ನೋವೇ ಇಲ್ಲದ ಎಷ್ಟೋ ಜನಕ್ಕೂ ಇರುತ್ತೆ, ಇದರ ಮೇಲೆ ತಪ್ಪು ಹೊರಿಸೋಕಾಗಲ್ಲ" ಎಂದು ನನ್ನ ಏಕೈಕ ಸಾಕ್ಷಿಯನ್ನು ಅಲ್ಲೇ ಬಿಡುಗಡೆ ಮಾಡಿಬಿಟ್ಟರು. ಸ್ಟೀರಾಯ್ಡ್ ಇಂಜೆಕ್ಷನ್ ಆಮೇಲೆ ನೋಡೋಣ, ಅದರಿಂದ ಪಟ್ಟಿಯೇ ಹರಿದುಹೋಗುವ ಅಪಾಯವೂ ಉಂಟು ಎಂದು ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿದ್ದ ಹುಡುಗಿ ಹೇಳಿಕೊಟ್ಟದ್ದು ಇಷ್ಟು. ಮಂಚದಿಂದ ಇಳಿಯುವ ಮೊದಲೇ ಕಾಲ ಮೇಲೆ ಕಾಲು ಹಾಕಿ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಬೇಕು. ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಬಾಟಲಿಯನ್ನು ಅಂಗಾಲಿನಡಿ ಉರುಳಿಸಬೇಕು. (ಅದೇ ಬಾಟಲಿಯಿಂದ ನಮ್ಮ ಭಾವಮೈದುನ ಶರಬತ್ತು ಮಾಡಿಕೊಂಡ. ನಾವು ಈವರೆಗೆ ಹೇಳಿಲ್ಲ.) ದಿನ ಬಿಟ್ಟು ದಿನ, ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಟವೆಲ್ ಸುರುಳಿ ಇಟ್ಟು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಬೇಕು. ಮೂರು ಸೆಕೆಂಡು ಮೇಲೆ, ಎರಡು ಸೆಕೆಂಡು ಅಲ್ಲೇ, ಮೂರು ಸೆಕೆಂಡು ಕೆಳಗೆ. ಡೆನ್ಮಾರ್ಕಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಕ್ರಮವಂತೆ. ಬರೀ ಎಳೆತಗಳಿಗಿಂತ ಇದರಿಂದ ಮೂರು ತಿಂಗಳಲ್ಲಿ ಹೆಚ್ಚು ಗುಣ ಕಂಡಿತು, ಆದರೆ ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದರು.

ಈ ಕೊನೆಯ ಮಾತು ಕೇಳಿದಾಗ ಕುಕ್ಕರಹಳ್ಳಿ ವೈದ್ಯರ ಆತ್ಮವಿಶ್ವಾಸದ ಗುಟ್ಟು ಹೊಳೆಯಿತು. ಬಹಳಷ್ಟು ಜನರಿಗೆ ಈ ನೋವು ವರ್ಷದ ಆಚೀಚೆ ತಗ್ಗುತ್ತದೆ. ಆ ಹೊತ್ತಿಗೆ ಯಾವ ಮದ್ದು ನಡೆಯುತ್ತಿರುತ್ತದೋ ಕೀರ್ತಿಯೆಲ್ಲ ಅದಕ್ಕೆ. ಹರಳೆಣ್ಣೆ ಹಚ್ಚುತ್ತಿದ್ದವರು ಹರಳೆಣ್ಣೆಯ ಭಕ್ತರು, ವಾಕಿಂಗ್ ಬಿಟ್ಟಿದ್ದವರು ಬಿಡುವುದರ ಭಕ್ತರು. ಒಬ್ಬರೂ ಸುಳ್ಳು ಹೇಳುತ್ತಿಲ್ಲ. ತಗ್ಗಿದ್ದು ಮಳೆಗಾಲ ಕಳೆದು ಮತ್ತೆ ಮರಳಿದರೆ, ನನ್ನದು ಹಾಗೆ ಮರಳುವ ಜಾತಿಯದು, ಆಗ ಮಾತ್ರ ಅವರು ದಾರಿ ಬದಲಿಸಿ ನಡೆಯುತ್ತಾರೆ.

ಆ ಹುಡುಗಿ ಹೇಳಿದ ಇನ್ನೊಂದು ಮಾತಿನಿಂದ ಮನೆಯಲ್ಲಿ ಯುದ್ಧವೇ ಆಯಿತು. "ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡ್ಬೇಡಿ ಸಾರ್, ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ." ಎಂಸಿಆರ್ ಚಪ್ಪಲಿ ತಂದೆ. ಅಮ್ಮ ಹೊಸ್ತಿಲಲ್ಲೇ ತಡೆದರು.

"ಕಲೆಕ್ಟರ್ ಬಂದ್ರೂ ಇಲ್ಲೇ ಬಿಟ್ಟು ಒಳಗೆ ಬರ್ಬೇಕು. ನಿಂದೇನು ವಿಶೇಷ?"

"ಹೊಸದಮ್ಮಾ, ಬೀದಿ ಮುಟ್ಟಿಲ್ಲ."

ಮಾತುಕತೆ ನಡೆದು ಗಡಿ ಗುರುತಾಯಿತು. ಹಜಾರದಲ್ಲಿ ಓಡಾಡಬಹುದು, ಅಡುಗೆಮನೆಗೆ ಸಲ್ಲದು, ದೇವರಮನೆಯ ಕಡೆಗಂತೂ ತಲೆಯೂ ಹಾಕುವಂತಿಲ್ಲ. ಹೀಗೆ ಕೆಲವು ವಾರ ನಡೆಯಿತು. ಒಂದು ದಿನ ಬೆಂಗಳೂರಿನ ಮೊದಲ ರೈಲು ಹಿಡಿಯಲು ಅಲಾರಂ ಇಟ್ಟು ಎದ್ದರೆ, ಕತ್ತಲಲ್ಲಿ ಊಟದ ಮೇಜಿನ ಅಂಚು ಹಿಡಿದುಕೊಂಡು ಅಮ್ಮ ಮೆಲ್ಲಗೆ ಕಾಲೆಳೆಯುತ್ತಿದ್ದರು.

"ಏನಮ್ಮಾ, ನಿಂಗೂ ಇದೆಯಾ?"

"ನೀನು ಹೈಸ್ಕೂಲಿಗೆ ಹೋಗ್ತಿದ್ದಾಗ್ಲಿಂದ ಇದೆ. ಹಾಲು ಕಾಯೋ ಹೊತ್ತಿಗೆ ಹೋಗುತ್ತೆ. ಅದನ್ನೇನು ಊರಿಗೆಲ್ಲ ಹೇಳ್ಕೊಂಡು ತಿರುಗೋದು?"

ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರ ಹಿಮ್ಮಡಿಯನ್ನು ಯಾರು ನೋಡುತ್ತಾರೆ? ಅವರಿಗೂ ಒಂದು ಜೊತೆ ತಂದೆ. ನಂಗ್ಯಾಕೆ ಎಂದು ಡಬ್ಬಿಯ ಸಮೇತ ಮಂಚದ ಕೆಳಗೆ ತಳ್ಳಿದರು. ಆಮೇಲೆ ಯಾವಾಗ ತೆಗೆದರೋ ಗೊತ್ತಾಗಲಿಲ್ಲ, ಒಂದು ಮಧ್ಯಾಹ್ನ ಅಡುಗೆಮನೆಯಿಂದಲೇ ಪಟಪಟ ಸದ್ದು ಕೇಳಿಸಿತು. ಗಡಿಯ ವಿಷಯ ನೆನಪಿಸಿದೆ. "ಇದು ಚಪ್ಪಲಿ ಅಲ್ಲ, ಔಷಧಿ" ಎಂದರು.

ಈಗ ಸೊಪ್ಪಿನವಳು ಗೇಟಿನ ಹತ್ತಿರ ಕೂಗಿದರೆ ಅಮ್ಮ ಹೊಸ್ತಿಲಿನ ಒಳಗೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬೀದಿಗೆ ಹೋಗುತ್ತಾರೆ. ಹೊರಗಿನ ಕೊಳೆ ತಗುಲಿದರೆ ಮತ್ತೆ ಮನೆಯೊಳಗೆ ಹಾಕಿಕೊಳ್ಳುವುದು ಹೇಗೆ?