ನೀಲಿ ಪಟ್ಟಿಯ ಪ್ರತಾಪ

ಮಂಡಿ ಚಿಪ್ಪಿನ ಆಪರೇಷನ್ ಮಾಡಿಸಿಕೊಂಡವರಿಗೆ ಎರಡು ಬಾಧೆ: ಒಂದು ಊತ, ಇನ್ನೊಂದು ನೋಡಲು ಬರುವವರು. ಊತಕ್ಕೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಐಸ್ ಇಡಬಹುದು. ನೆಂಟರಿಗೆ ಕಾಫಿಯನ್ನೇ ಕೊಡಬೇಕು. ಬಾಳೆದಿಂಡಿನಂತೆ ಬುಡದಿಂದ ತುದಿಯವರೆಗೂ ಒಂದೇ ಗಾತ್ರವಾಗಿದ್ದ ನನ್ನ ಕಾಲನ್ನು ಕಂಡು ಅತ್ತಿಗೆ "ಹರಳೆಣ್ಣೆ ಕಾಯಿಸಿ ತಿಕ್ಕಿ" ಎಂದರು. ಷಡ್ಡಕ ಉಪ್ಪಿನ ಶಾಖದ ಪಕ್ಷ.

ಅಷ್ಟರಲ್ಲಿ ಫಿಸಿಯೋಥೆರಪಿಸ್ಟ್ ಹುಡುಗಿ ನೀಲಿ ಟೇಪಿನ ಸುರುಳಿ ತೆಗೆದಳು. ಒಂದು ತುದಿ ಬಿಟ್ಟು ಉಳಿದದ್ದನ್ನು ಎಳೆಎಳೆಯಾಗಿ ಕತ್ತರಿಸಿ, ಬುಡವನ್ನು ತೊಡೆಗೆ, ಎಳೆಗಳನ್ನು ಊತದ ಮೇಲೆ ಹರಡಿ ಅಂಟಿಸಿದಳು. ಹೊಲಿಗೆಯ ಗೆರೆಯನ್ನು ಮುಟ್ಟಲಿಲ್ಲ.

"ಇನ್ನಷ್ಟು ಎಳೆದು ಅಂಟಿಸಮ್ಮ, ಗಟ್ಟಿಯಾಗಿರಲಿ."

"ಎಳೆದರೆ ಚರ್ಮಕ್ಕೆ ಗುಳ್ಳೆ ಬರುತ್ತೆ ಅಂಕಲ್. ಇದು ಬಿಗಿಯೋಕಲ್ಲ, ಚರ್ಮಾನ ಒಂಚೂರು ಎತ್ತೋಕೆ. ಕೆಳಗೆ ಜಾಗ ಆದ್ರೆ, ನಿಂತ ನೀರು ತೊಡೆಸಂದಿನ ಗ್ರಂಥಿಗಳ ಕಡೆ ಹರಿಯುತ್ತೆ."

ಸಿದ್ಧಾಂತವೇನೋ ಹಾಗೆ. ಆದರೆ ಇದೇ ಆಪರೇಷನ್ ಆದವರ ಮೇಲೆ ನಡೆದ ಅಧ್ಯಯನಗಳಲ್ಲಿ ಕೆಲವು ಊತ ಇಳಿಯಿತು ಎಂದರೆ, ಕೆಲವು ಹೇಳಿಕೊಳ್ಳುವಂಥದ್ದೇನಿಲ್ಲ ಎನ್ನುತ್ತವೆ. ಒಮ್ಮತವಿಲ್ಲದ ವಿಷಯದಲ್ಲಿ ವಿಜ್ಞಾನಿಗಳೂ ನಮ್ಮ ನೆಂಟರೇ.

ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ ಈ ಹತ್ತಿಬಟ್ಟೆಯ ಟೇಪು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಭುಜವೇರಿ ಜಗತ್ಪ್ರಸಿದ್ಧವಾಯಿತು. ಹಜಾರದಿಂದ ಬಚ್ಚಲಿನವರೆಗಿನ ನನ್ನ ವಾಕರ್ ಓಟಕ್ಕೂ ಅದೇ ಗೌರವ. ಸ್ನಾನ ಮಾಡಿದರೂ ಬಿಡದು. ಮೂರ್ನಾಲ್ಕು ದಿನ ಅಂಟಿಕೊಂಡೇ ಇರುತ್ತದೆ. ಎಣ್ಣೆಗೆ ಮಾತ್ರ ಸೋಲುತ್ತದೆ. ಬಿಚ್ಚುವಾಗ ಎಣ್ಣೆ ಸವರಿ, ಕೂದಲು ಮಲಗಿದ ದಿಕ್ಕಿಗೇ ಸುಲಿಯಬೇಕು.

ಅದರ ನಿಜವಾದ ಪ್ರತಾಪ ಬೆಳಕಿಗೆ ಬಂದದ್ದು ಇಲ್ಲೇ. ಬಿಸಿ ಎಣ್ಣೆಯ ಬಟ್ಟಲು ಹಿಡಿದು ಮತ್ತೆ ಬಂದ ಅತ್ತಿಗೆಗೆ, "ಎಣ್ಣೆ ತಾಗಿದರೆ ಟೇಪು ಕಿತ್ತುಬರುತ್ತಂತೆ" ಎಂದೆ. ಬಟ್ಟಲು ಅಡುಗೆಮನೆಗೆ ಮರಳಿತು. ಷಡ್ಡಕನೂ ಬಣ್ಣ ನೋಡಿ, "ಭಾರೀ ಟ್ರೀಟ್‌ಮೆಂಟು" ಎಂದು ಉಪ್ಪಿನ ಗಂಟು ಮಡಚಿಟ್ಟ.

ಊತವೂ ಇಳಿಯಿತು. ಕಾಲೆತ್ತಿ ಮಲಗಿದ್ದು, ಹೆಂಡತಿ ಗದರಿ ಗದರಿ ಪಾದ ಮೇಲೆ ಕೆಳಗೆ ಆಡಿಸಿದ್ದು, ನಡೆಸಿದ್ದು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಹೊಗಳಿಕೆ ಮಾತ್ರ ಪೂರ್ತಿ ಟೇಪಿಗೆ ಸಂದಿತು. ಕಣ್ಣಿಗೆ ಕಾಣುತ್ತಿದ್ದುದು ಅದೊಂದೇ ತಾನೆ?

ಆಸೆಯಾದರೆ ನೀವೂ ಹಾಕಿಸಿಕೊಳ್ಳಿ, ಆದರೆ ತಿಳಿದವರ ಕೈಯಿಂದಲೇ. ಮೀನಖಂಡ ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಟೇಪು ಹುಡುಕುತ್ತ ಕೂರದೆ ಡಾಕ್ಟರ ಬಳಿಗೆ ಓಡಿ. ಓಡಲಾಗದಿದ್ದರೆ ಆಟೋ ಹಿಡಿಯಿರಿ.